ರಾಜೀನಾಮೆಗೆ ಇನ್ನೊಂದು ಪದ

ಬೆಳಗ್ಗೆ ಪತ್ರಿಕೆ ಬಿಡಿಸಿದಾಗ ಯಾರಾದರೂ ಮಂತ್ರಿ ರಾಜೀನಾಮೆ ಕೊಟ್ಟ ಸುದ್ದಿ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅವರ ಮೇಲಿನ ಸಿಟ್ಟಿನಿಂದಲ್ಲ, ಅವರ ಅದೃಷ್ಟ ನೋಡಿ. ಇಷ್ಟವಿಲ್ಲದೆ ಕೊಟ್ಟರೂ ಅವರದು ಅಂಗೀಕಾರವಾಗುತ್ತದೆ. ನಾನು ಮನಸಾರೆ, ಕೈಮುಗಿದು, ಬಗೆಬಗೆಯ ಪದಗಳಲ್ಲಿ ಕೊಟ್ಟೆ, ಒಂದೂ ಆಗಲಿಲ್ಲ. ಈ ರಾಜಕೀಯದವರು ಇಟ್ಟುಕೊಂಡಿರುವ ನಿಘಂಟೇ ಬೇರೆ ಇರಬೇಕು. ಅದರಲ್ಲಿ ರಾಜೀನಾಮೆ ಎಂದರೆ ಮುನಿಸು, ಬೆದರಿಕೆ, ಬಡ್ತಿಯ ಅರ್ಜಿ, ಇನ್ನೂ ಏನೇನೋ ಉಂಟು. ‘ನಾನು ಹೋಗುತ್ತೇನೆ, ಬಿಟ್ಟುಬಿಡಿ’ ಎಂಬ ಅರ್ಥ ಮಾತ್ರ ಇಲ್ಲ.

ನಾನು ಮಂತ್ರಿಯಲ್ಲ, ಗುಮಾಸ್ತ. ರಾಜಾಜಿನಗರದಲ್ಲಿ ಸೈಟುಗಳ ಮೂಲೆಯಲ್ಲಿ ಇನ್ನೂ ರಾಗಿಯ ಕೂಳೆ ಉಳಿದಿದ್ದ ಕಾಲದಲ್ಲೇ ಅಲ್ಲಿ ಮನೆ ಹಿಡಿದವನು. ನಲ್ಲಿ ಬೇಕು, ಬಸ್ಸು ಬೇಕು, ಬೀದಿದೀಪ ಬೇಕು ಎಂದು ನಮ್ಮ ಬೀದಿಯವರೆಲ್ಲ ಸೇರಿ ಒಂದು ಸಂಘ ಮಾಡಿದರು. ಮೊದಲ ಸಭೆ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಕೂರಲು ಏನೂ ಇರಲಿಲ್ಲವಾದ್ದರಿಂದ ಮೂಲೆ ಅಂಗಡಿಯ ಮುನಿಯಪ್ಪ ಒಂದು ಉದ್ದನೆಯ ಬೆಂಚು ಹೊರಿಸಿ ಕಳಿಸಿದ. ಈ ಬಡಾವಣೆ ಎದ್ದ ಹೊಲಗಳಲ್ಲಿ ಅವನದೂ ಒಂದಿತ್ತು. ಹೊಲ ಹೋದ ಮೇಲೆ ಅಂಗಡಿ ಇಟ್ಟವನು. ನಾನು ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಸರ್ವಾನುಮತದಿಂದ ಕಾರ್ಯದರ್ಶಿಯಾಗಿದ್ದೆ. ಸಭೆ ಮುಗಿಯಿತು, ಜನ ಹೋದರು, ಬೆಂಚು ಹೋಗಲಿಲ್ಲ. ಮಾರನೆಯ ದಿನದಿಂದ ಅದರ ಮೇಲೆ ಯಾರಾದರೊಬ್ಬರು ಕೂತೇ ಇರುತ್ತಿದ್ದರು, ನನ್ನ ಪತ್ರಿಕೆಯನ್ನು ನನಗಿಂತ ಮೊದಲು ಓದುತ್ತಾ.

ಇದನ್ನೂ ಸಹಿಸಿಕೊಂಡಿದ್ದೆ. ಆದರೆ ನನ್ನವಳು ಬಸುರಿಯಾದಳು. ಅವಳಿಗೆ ತಾಯಿಯಿಲ್ಲ, ಹಾಗಾಗಿ ಬಾಣಂತನ ನಮ್ಮಲ್ಲೇ ಆಗಬೇಕು. ನಮ್ಮ ಮನೆಯೋ ಎರಡು ಕೋಣೆ, ಒಂದು ಅಡುಗೆಮನೆ. ಒಳಕೋಣೆಗೆ ಕಿಟಕಿಯಿಲ್ಲ, ಗೋಡೆಯೆಲ್ಲ ತೇವ. ಹಸುಗೂಸನ್ನು ಅಲ್ಲಿ ಮಲಗಿಸಿದರೆ ಶೀತವಾಗುವುದು ಖಂಡಿತ. ಒಂದು ದಿನ ಅವಳು ಸೊಂಟಕ್ಕೆ ಕೈಕೊಟ್ಟು ನಿಂತು, “ಮುಂದಿನ ಕೋಣೇಲಿ ಆ ಬೆಂಚು ಇರ್ಬೇಕು, ಇಲ್ಲಾ ನನ್ನ ಮಂಚ ಇರ್ಬೇಕು. ಎರಡಕ್ಕೂ ಜಾಗ ಇಲ್ಲ, ನೋಡ್ಕೊಳ್ಳಿ” ಎಂದಳು.

“ಅಷ್ಟೇ ತಾನೆ? ಈ ಭಾನುವಾರವೇ ರಾಜೀನಾಮೆ ಬಿಸಾಕ್ತೀನಿ ಕಣೇ, ಕಾರ್ಯದರ್ಶಿಗಿರಿ ಜೊತೆ ಬೆಂಚೂ ಹೋಗುತ್ತೆ” ಎಂದೆ. ಅಯ್ಯೋ, ನನ್ನ ಮುಗ್ಧತೆಯೇ!

ನಮ್ಮ ಅಧ್ಯಕ್ಷರು ನಂಜುಂಡಯ್ಯನವರು, ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ಅವರು ಹೆಚ್ಚುಕಡಿಮೆ ಪ್ರತಿ ಸಭೆಯಲ್ಲೂ ರಾಜೀನಾಮೆ ಕೊಡುತ್ತಿದ್ದರು. ನಾವೆಲ್ಲ “ದಯವಿಟ್ಟು ಹಾಗನ್ನಬೇಡಿ” ಎಂದು ಬೇಡಿಕೊಳ್ಳುತ್ತಿದ್ದೆವು. ಅವರು “ಆಯ್ತಪ್ಪ, ನಿಮ್ಮಿಷ್ಟ” ಎಂದು ಮತ್ತೆ ಕೂತು ಕೋಡುಬಳೆಗೆ ಕೈಹಾಕುತ್ತಿದ್ದರು. ಅಂಥವರ ಮುಂದೆ ನಾನು ಎದ್ದು ರಾಜೀನಾಮೆ ಎಂದೆ. “ಯಾರು ಏನಂದ್ರು ನಿಮಗೆ? ಹೇಳಿ ಮತ್ತೆ!” ಎಂದು ಅಧ್ಯಕ್ಷರು ಗುಡುಗಿದರು. ಏನೂ ಅನ್ನದ ಇಬ್ಬರು ಎದ್ದು ಬಂದು ನನ್ನ ಕ್ಷಮೆ ಕೇಳಿದರು. ಅಲ್ಲಿಗೆ ಅದು ಮುಗಿಯಿತು.

ಪದದಲ್ಲೇ ಏನೋ ದೋಷವಿದೆ ಅನ್ನಿಸಿ ಮುಂದಿನ ಸಭೆಯಲ್ಲಿ ‘ಪದತ್ಯಾಗ’ ಎಂದೆ. ತ್ಯಾಗ ಎಂದದ್ದೇ ತಡ, ಚಪ್ಪಾಳೆ ಬಿತ್ತು. ಇಂಥ ತ್ಯಾಗಿಯನ್ನು ಬಿಟ್ಟುಕೊಡುವುದುಂಟೇ ಎಂದು ಹಾರ ಹಾಕಿದರು. ‘ನಿವೃತ್ತಿ’ ಎಂದಾಗ ನಂಜುಂಡಯ್ಯನವರಿಗೆ ನಿಜವಾಗಿಯೂ ನೋವಾಯಿತು. “ಈ ವಯಸ್ಸಲ್ಲಿ ನಾನೇ ಕೂತಿದೀನಿ, ನಿಮಗೇನ್ರೀ ಬಂತು ನಿವೃತ್ತಿ?” ಎಂದರು. ‘ಬಿಡುಗಡೆ ಮಾಡಿ’ ಎಂದೆ. ಸ್ವಾತಂತ್ರ್ಯದ ಹೋರಾಟದಲ್ಲಿ ಜೈಲಿಗೆ ಹೋಗಿಬಂದ ಹಿರಿಯರೊಬ್ಬರು ಕಣ್ಣೊರೆಸಿಕೊಂಡು ಆ ಕಥೆ ಆರಂಭಿಸಿದರು. ದೀಪ ಹಚ್ಚುವ ತನಕ ಅದು ನಡೆಯಿತು. ಕಡೆಗೆ ದೊಡ್ಡ ಪದಗಳೇ ಬೇಡವೆಂದು “ನನ್ನ ಕೈಲಾಗಲ್ಲ ಸ್ವಾಮಿ, ದಮ್ಮಯ್ಯ” ಎಂದೆ. “ಎಂಥ ವಿನಯ!” ಎಂದರು. ಮುನಿಯಪ್ಪ ನನ್ನನ್ನು ಪಕ್ಕಕ್ಕೆ ಕರೆದು, “ಯಾಕ್ ಸುತ್ತಿ ಬಳಸ್ತೀರಾ ಸ್ವಾಮಿ? ಅಧ್ಯಕ್ಷಗಿರಿ ಬೇಕಾದ್ರೆ ನನ್ ಕಿವೀಲಿ ಒಂದ್ ಮಾತು ಹಾಕ್ಬಾರ್ದಾ?” ಎಂದು ಪಿಸುಗುಟ್ಟಿದ.

ದಿನ ತುಂಬುತ್ತಾ ಬಂತು. ಒಂದು ಸಂಜೆ ಅವಳು ಹೊರಗೆ ಹೋಗಲೆಂದು ಬಾಗಿಲಿಗೆ ಬಂದು ನಿಂತಳು. ಬೆಂಚಿನ ಮೇಲಿದ್ದವರು ಕಾಲು ಚಾಚಿಕೊಂಡು, ಇನ್ನೂ ಮಂಜೂರಾಗದ ನಲ್ಲಿಯ ಮೂತಿ ಪೂರ್ವಕ್ಕಿರಬೇಕೋ ಉತ್ತರಕ್ಕಿರಬೇಕೋ ಎಂದು ವಾದಿಸುತ್ತಿದ್ದರು. ಒಬ್ಬರೂ ಕಾಲು ಮಡಿಸಲಿಲ್ಲ. ಅವಳು ಹಾಗೇ ಹಿಂದಕ್ಕೆ ಹೋಗಿ ಆ ಕತ್ತಲೆ ಕೋಣೆಯಲ್ಲಿ ಮಲಗಿಬಿಟ್ಟಳು. ನನಗೆ ನಾಚಿಕೆಯಾಯಿತು. ಅಳುವೂ ಬಂತು. ಅವಳು ಬೈದಿದ್ದರಾದರೂ ಚೆನ್ನಾಗಿತ್ತು.

ಬಾಣಂತನಕ್ಕೆಂದು ಕೆಂಗೇರಿಯಿಂದ ಅವಳ ಸೋದರತ್ತೆ ಪುಟ್ಟಮ್ಮನವರು ಗಂಟುಮೂಟೆ ಸಮೇತ ಬಂದಿಳಿದರು. ಕೋಣೆಯೊಳಗೆ ಕಾಲಿಟ್ಟವರೇ ಬೆಂಚು ನೋಡಿದರು.

“ಇದು ಯಾರದು?”

“ಸಂಘದ್ದು.”

“ಸಂಘ ಎಲ್ಲಿ?”

“ಸಾಯಂಕಾಲ ಬರುತ್ತೆ.”

“ಹಿಡೀರಿ ಆ ಕಡೆ.”

ನಾನು ಪೀಠಿಕೆ ಹಾಕಲು ಬಾಯಿ ತೆರೆದೆ. ಅವರು ತಮ್ಮ ಕಡೆಯನ್ನು ಆಗಲೇ ಎತ್ತಿಬಿಟ್ಟಿದ್ದರು. ಬೆಂಚನ್ನು ಮುನಿಯಪ್ಪನ ಅಂಗಡಿಯ ಪಕ್ಕದ ಹೊಂಗೆ ಮರದ ಕೆಳಗೆ ಇಳಿಸಿ ಬಂದೆವು. ಪುಟ್ಟಮ್ಮನವರು ಕೋಣೆ ತೊಳೆದು, ಮಂಚ ಹಾಕಿಸಿ, ಬಾಗಿಲು ಮುಂದೆ ಮಾಡಿದರು.

ಸಂಜೆ ಕಿಟಕಿಯ ಸಂದಿಯಿಂದ ನೋಡುತ್ತಾ ನಿಂತೆ. ಸದಸ್ಯರು ಒಬ್ಬೊಬ್ಬರಾಗಿ ಬಂದರು, ಮುಚ್ಚಿದ ಬಾಗಿಲು ನೋಡಿದರು, ಬೆಂಚು ನೋಡಿದರು, ಹೋಗಿ ಅದರ ಮೇಲೆ ಕೂತರು. ಯಾರಿಗೂ ಆಶ್ಚರ್ಯವಾದಂತೆ ಕಾಣಲಿಲ್ಲ. ಇನ್ನೇನು ನಿಯೋಗ ಬರುತ್ತದೆ ಎಂದುಕೊಂಡು ಕೋಟು ತೊಟ್ಟು, ಕಾಫಿಗೆ ಡಿಕಾಕ್ಷನ್ ಇಳಿಸಲು ಹೇಳಿ, ಸೌಜನ್ಯದಿಂದ ನಿರಾಕರಿಸುವ ಮಾತುಗಳನ್ನು ಜೋಡಿಸಿಕೊಂಡೆ. ಆಚೆಯಿಂದ ಚಪ್ಪಾಳೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಮುನಿಯಪ್ಪ ಗೇಟಿನ ಹತ್ತಿರ ಬಂದ. ನಾನು ಓಡಿದೆನೆಂದೇ ಹೇಳಬೇಕು.

“ಸ್ವಾಮಿ, ನನ್ನೇ ಕಾರ್ಯದರ್ಶಿ ಮಾಡವ್ರೆ. ಸಂಘದ ಮಸಿಕುಡಿಕೆ ನಿಮ್ಮನೇಲೇ ಉಳ್ದದಂತೆ, ಕೊಡ್ತೀರಾ?”

ತಂದುಕೊಟ್ಟೆ. ಡಿಕಾಕ್ಷನ್ ಎಲ್ಲ ಪುಟ್ಟಮ್ಮನವರೇ ಕುಡಿದರು.

ಹೆಣ್ಣುಮಗು ಹುಟ್ಟಿತು. ಈಗ ಮುಂದಿನ ಕೋಣೆಯಲ್ಲಿ ಸಾಂಬ್ರಾಣಿಯ ಹೊಗೆ, ಬಿಸಿಲು, ತಾಯಿ, ಮಗು. ನನಗೆ ಬೇಕಾಗಿದ್ದದ್ದು ಇದೇ ತಾನೆ? ಆದರೂ ಸಂಜೆ ಆ ಮರದ ಕೆಳಗೆ ಹಾದುಹೋಗುವಾಗ ನನಗೇ ತಿಳಿಯದೆ ನಡಿಗೆ ನಿಧಾನವಾಗುತ್ತದೆ, ಕೆಮ್ಮು ಬರುತ್ತದೆ. ಬೆಂಚಿನವರು ಬಹಳ ಮರ್ಯಾದೆಯಿಂದ ಕಾಲು ಮಡಿಸಿಕೊಂಡು ದಾರಿ ಬಿಡುತ್ತಾರೆ.

ನಿನ್ನೆ ನನ್ನವಳು ಕೇಳಿಯೇಬಿಟ್ಟಳು: “ಬಿಡಬೇಕು ಅಂತಿದ್ರಿ, ಬಿಟ್ಟಾಯ್ತಲ್ಲ. ಮತ್ಯಾಕೆ ಮುಖ ಹೀಗೆ?”

“ಅದು ಹಾಗಲ್ಲ ಕಣೇ. ಬೆಂಚು ಹೊರಗಿಟ್ಟದ್ದು ನಿಮ್ಮತ್ತೆ. ನಾನು ಕೊಟ್ಟ ರಾಜೀನಾಮೆಯನ್ನ ಇವತ್ತಿನವರೆಗೂ ಯಾರೂ ಅಂಗೀಕರಿಸಿಲ್ಲ. ಕ್ರಮವಾಗಿ ನೋಡಿದ್ರೆ ಇನ್ನೂ ನಾನೇ ಕಾರ್ಯದರ್ಶಿ.”

“ಹಾಗಾದ್ರೆ ಹೋಗಿ ಇನ್ನೊಂದ್ಸಲ ಕೊಟ್ಟು ಬನ್ನಿ” ಎಂದು ಅವಳು ಮಗುವಿನ ಕಡೆ ತಿರುಗಿದಳು.

ಮಾತೇನೋ ಸರಿಯಾಗಿತ್ತು. ಎದ್ದು ಕೋಟು ತೊಟ್ಟು, ಯಾವ ಪದ ಬಳಸಲಿ ಎಂದು ಯೋಚಿಸುತ್ತಾ ಗೇಟಿನವರೆಗೂ ಹೋದೆ. ಮರದ ಕೆಳಗೆ ಎಲ್ಲರೂ ಕೂತಿದ್ದರು. ಅಲ್ಲೇ ಕಾಲು ನಿಂತಿತು. ಈ ಸಲ ಅವರು “ಆಗಲಿ ಬಿಡಿ” ಅಂದುಬಿಟ್ಟರೆ?

ಒಳಗೆ ಬಂದು ಕೋಟು ಬಿಚ್ಚಿ ಗೂಟಕ್ಕೆ ತಗುಲಿಹಾಕಿದೆ.