ಅಳಿಯಂದಿರ ನೀಲಿ ಕೂದಲಿನ ಹುಡುಗಿ

ಆಗ ನನಗೆ ಅರವತ್ತೆರಡು. ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ಮನೆಯ ಒಬ್ಬ ಗಂಡಸಿಗೆ ಹುಚ್ಚು ಹಿಡಿದಿದೆ ಎಂದು ಆ ವರ್ಷ ನಾನು ಖಚಿತವಾಗಿ ನಂಬಿದ್ದೆ. ಹುಚ್ಚು ಎಂದರೆ ಅಂಗಿ ಹರಿದುಕೊಂಡು ಬೀದಿಗೆ ಓಡುವ ಹುಚ್ಚಲ್ಲ. ಅಂಗಿಗೆ ಇಸ್ತ್ರಿ ಹಾಕಿಸಿ, ಕೊರಳಿಗೆ ಕಂಪನಿಯ ಗುರುತಿನ ಪಟ್ಟಿ ತೂಗಿಹಾಕಿಕೊಂಡು, ಈ ತೆಲುಗು ಶಹರದಲ್ಲಿ ಉಪ್ಪಲ್‌ನಿಂದ ಮಾದಾಪುರಕ್ಕೆ ಕ್ಯಾಬಿನಲ್ಲಿ ಹೋಗಿಬರುವ ಹುಚ್ಚು. ಇದಕ್ಕೆ ಔಷಧ ಉಂಟೇ? ಇಲ್ಲ! ತಿಂಗಳ ಕೊನೆಗೆ ಸಂಬಳ ತರುವ ಹುಚ್ಚನಿಗೆ ಯಾವ ಡಾಕ್ಟರೂ ಔಷಧ ಕೊಡುವುದಿಲ್ಲ.

ಈ ಗಂಡಸು ನನ್ನ ಒಬ್ಬನೇ ಅಳಿಯ. ಹೆಸರು ಹೇಳುವುದಿಲ್ಲ. ಅಳಿಯನ ಹೆಸರು ಹಿಡಿಯುವ ರೂಢಿ ನಮ್ಮಲ್ಲಿಲ್ಲ.

ರೂಢಿ ಎಂದೆನಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ಸೇಡಂ ಕಡೆಯ ಹಳ್ಳಿ. ನಮ್ಮ ಮನೆತನದಲ್ಲಿ ಅತ್ತೆಯಾದವಳು ಅಳಿಯನ ಮುಂದೆ ಸೆರಗನ್ನು ಮೂಗಿನವರೆಗೆ ಎಳೆದುಕೊಳ್ಳಬೇಕು. ಎದುರಿಗೆ ಕೂರಬಾರದು. ನೇರವಾಗಿ ಮಾತಾಡಬಾರದು. ಕೈಯಿಂದ ಕೈಗೆ ಏನನ್ನೂ ಕೊಡಬಾರದು. ಹತ್ತಾರು ಜನ ಇರುವ ಮನೆಯಲ್ಲಿ ಇದು ಸುಲಭ, ನಡುವೆ ಯಾರಾದರೂ ಸಿಗುತ್ತಾರೆ. ಉಪ್ಪಲ್‌ನ ಎರಡು ಕೋಣೆಯ ಫ್ಲ್ಯಾಟಿನಲ್ಲಿ?

ನನ್ನ ಗಂಡ ಇದೇ ಶಹರದ ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿದ್ದ. ಅವನು ಹೋದ ಮೇಲೂ ನಾನು ಅಲ್ಲೇ ಬೋಲ್ಟು ಡಬ್ಬಿಗೆ ತುಂಬುತ್ತ ಇದ್ದೆ. ಮೊಣಕಾಲು ಹಿಡಿದುಕೊಂಡಿತು, ಮಗಳು ಹದಿನೈದು ದಿನಕ್ಕೆಂದು ಕರೆದುಕೊಂಡು ಬಂದಳು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ. ಮಗಳು ಬೆಳಿಗ್ಗೆ ಎಂಟಕ್ಕೇ ಆಫೀಸಿಗೆ ಹೊರಟುಬಿಡುವಳು. ಅಳಿಯಂದಿರದು ಅಮೆರಿಕದವರಿಗೆ ಹೊಂದಿಸಿದ ಮಧ್ಯಾಹ್ನದ ಪಾಳಿ. ನಡುವಿನ ಹೊತ್ತಿನಲ್ಲಿ ಮನೆಯಲ್ಲಿ ನಾವಿಬ್ಬರೇ!

ಮೊದಲ ದಿನ ಅಡುಗೆ ಮಾಡಿಟ್ಟು ನಿಂತಿದ್ದೆ. ಅವರಿಗೆ ಹಸಿವು, ನನಗೆ ಬಡಿಸುವ ಅವಸರ. ಕರೆಯುವುದು ಹೇಗೆ? ಸುತ್ತ ನೋಡಿದೆ. ಕೊನೆಗೆ ಫ್ರಿಜ್ಜಿನ ಕಡೆ ತಿರುಗಿ ಅಂದೆ:

“ಏ ಫ್ರಿಜ್ಜವ್ವಾ, ಊಟ ತಯಾರಾಗೇತಿ. ಹಸದವರು ಬಂದು ಕುಂದರಬೇಕಂತ ಹೇಳು.”

ಬೇರೆ ಯಾರಾಗಿದ್ದರೂ ನಕ್ಕುಬಿಡುತ್ತಿದ್ದರು. ಇವರು ಫ್ರಿಜ್ಜಿನ ಮುಂದೆ ಕೈಕಟ್ಟಿ ನಿಂತು ಗಂಭೀರವಾಗಿ ಉತ್ತರ ಕೊಟ್ಟರು:

“ಫ್ರಿಜ್ಜವ್ವಾರ, ಬರಾಕತ್ತೀನ್ರಿ. ಖಾರ ಸ್ವಲ್ಪ ಕಡಿಮಿ ಹಾಕಾಕ ಹೇಳ್ರಿ.”

ಆವತ್ತೇ ನನಗೆ ಅನುಮಾನ ಬಂತು, ಈ ಮನುಷ್ಯ ಸಾಮಾನ್ಯ ಅಲ್ಲ ಎಂದು. ಅಂದಿನಿಂದ ಮನೆ ನಡೆಸಿದ್ದು ಫ್ರಿಜ್ಜೇ. ಬೆಳಗಿನ ಚಹಾವನ್ನೂ ಅದರ ತಲೆಯ ಮೇಲಿಟ್ಟು ನಾನು ಒಳಗೆ ಸರಿಯುವುದು, ಅವರು ಬಂದು ಎತ್ತಿಕೊಳ್ಳುವುದು. ಎಷ್ಟೋ ಮನೆಗಳಲ್ಲಿ ನೇರ ಮಾತಾಡುವ ಗಂಡಹೆಂಡಿರು ಪಾತ್ರೆ ಎಸೆದಾಡುತ್ತಾರೆ. ನಮ್ಮಲ್ಲಿ ಒಂದು ಚಮಚ ಬಿದ್ದ ಸದ್ದಿಲ್ಲ!

ಇನ್ನು ಹುಚ್ಚಿನ ವಿಷಯ.

ಮಗಳು ಹೋದದ್ದೇ ತಡ, ಅಳಿಯಂದಿರು ಕಂಪ್ಯೂಟರಿನ ಮುಂದೆ ಕೂತುಬಿಡುವರು. ಒಮ್ಮೆ ಕಸ ಗುಡಿಸುತ್ತ ಹಿಂದಿನಿಂದ ಇಣುಕಿದೆ. ಪರದೆಯ ಮೇಲೆ ಒಬ್ಬ ಹುಡುಗಿ. ನೀಲಿ ಕೂದಲು, ಕೆಂಪು ಮುಸುಕು, ಕೈಯಲ್ಲಿ ಕತ್ತಿ. ಕಣ್ಣೋ, ಒಂದೊಂದು ಪೂರಿಯಷ್ಟು! ಮೂಗು ಹುಡುಕಿದರೆ ಸಾಸಿವೆ ಕಾಳಿನಷ್ಟೂ ಇಲ್ಲ. ಇವರು ಅವಳ ಕೆನ್ನೆಗೆ ಮೆಲ್ಲಗೆ ಬಣ್ಣ ಸವರುತ್ತಿದ್ದಾರೆ. ಮುಖದಲ್ಲಿ ಎಂಥ ನಗು! ನನ್ನ ಮಗಳಿಗೆ ತಾಳಿ ಕಟ್ಟುವಾಗಲೂ ಅಂಥ ನಗು ನಾನು ಕಂಡಿರಲಿಲ್ಲ. ಸೆರಗಿನೊಳಗಿಂದ ಕಂಡಿರಲಿಕ್ಕಿಲ್ಲ, ಅದೂ ಇರಬಹುದು.

ಸಂಜೆ ಮಗಳನ್ನು ಹಿಡಿದುಕೊಂಡೆ.

“ನಿನ್ನ ಗಂಡ ಯಾವಾಕಿನೋ ನೀಲಿ ಕೂದಲಿನಾಕಿ ಗಲ್ಲ ಸವರಕೋತ ಕುಂದರತಾರ. ನಿನಗ ಖಬರ್ ಐತೇನ?”

“ಗೊತ್ತೈತಿ ಬೇ ಯವ್ವಾ. ಹೋದ ತಿಂಗಳ ಹಸರ ಕೂದಲಿನಾಕಿ ಇದ್ಲು, ಭಾಳ ಸಿಡಕಿ. ಈಕಿ ಚೊಲೊ ಅದಾಳ.”

ಹೀಗೂ ಒಬ್ಬ ಹೆಂಡತಿ ಇರುತ್ತಾಳೆಯೇ? ಆಮೇಲೆ ಬಿಡಿಸಿ ಹೇಳಿದಳು. ಇವು ಜಪಾನಿನ ಕಾರ್ಟೂನಿನ ಹುಡುಗಿಯರಂತೆ. ಆ ಕಾರ್ಟೂನನ್ನು ಮೆಚ್ಚಿದವರು ಅದರ ಹುಡುಗಿಯರನ್ನು ತಾವೇ ಮತ್ತೆ ಬರೆದು, ಬಣ್ಣ ತುಂಬಿ, ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರಂತೆ. ಯಾರೂ ಹೇಳಿದ ಕೆಲಸವಲ್ಲ, ಯಾರೂ ಕೂಲಿ ಕೊಡುವುದಿಲ್ಲ. ಬೋಲ್ಟು ತುಂಬಿದವಳಿಗೆ ಇದು ಹೇಗೆ ಅರ್ಥವಾಗಬೇಕು?

ಒಂದು ದಿನ ಅವರು ಸ್ನಾನಕ್ಕೆ ಹೋಗಿದ್ದರು. ಮೇಜಿನ ಮೇಲೆ ವೈರು ಸಿಕ್ಕಿಸಿದ ಕರಿ ಹಲಗೆ, ಪಕ್ಕದಲ್ಲಿ ಪೆನ್ನು. ನೋಡಿದರೆ ನಮ್ಮ ಶಾಲೆಯ ಪಾಟಿಯೇ! ಎರಡನೆಯ ತರಗತಿಯಲ್ಲಿ ಬಿಟ್ಟ ಪಾಟಿ ಇಷ್ಟು ವರ್ಷದ ಮೇಲೆ ಎದುರಿಗೆ ಬಂದರೆ ಕೈ ಸುಮ್ಮನಿರುತ್ತದೆಯೇ? ಅ ಬರೆದೆ. ಮೂಡಲಿಲ್ಲ. ಒತ್ತಿ ಆ ಬರೆದೆ. ಅದೂ ಇಲ್ಲ. ಪಾಟಿಗೆ ಜಿಡ್ಡು ಹಿಡಿದಿರಬೇಕೆಂದು ಬೆರಳಿಗೆ ಉಗುಳು ಹಚ್ಚಿ ಒರೆಸಿ, ಮೈಯ ಬಲವನ್ನೆಲ್ಲ ಹಾಕಿ ಇ ಬರೆದೆ. ತಲೆ ಎತ್ತಿ ನೋಡುತ್ತೇನೆ, ಎದುರಿನ ಪರದೆಯಲ್ಲಿ ನೀಲಿ ಕೂದಲಿನವಳ ಹಣೆಗೆ ಅ, ಕೆನ್ನೆಗೆ ಆ, ಕೊರಳವರೆಗೂ ಇ!

ಅಡುಗೆಮನೆಗೆ ಓಡಿ, ಕುದಿಯದ ಸಾರಿನಲ್ಲಿ ಸೌಟು ಆಡಿಸುತ್ತ ನಿಂತೆ. ಹೊರಗೆ ಬಚ್ಚಲಿನ ಬಾಗಿಲು ತೆರೆದುಕೊಂಡಿತು. ಕೊನೆಗೆ ಫ್ರಿಜ್ಜಿನ ಹತ್ತಿರದಿಂದ ದನಿ ಬಂತು.

“ಫ್ರಿಜ್ಜವ್ವಾರ, ಅಕ್ಷರ ಭಾಳ ದುಂಡಗ ಬಂದಾವ್ರಿ. ಮುಂದಿನ ಸಲ ಬ್ಯಾರೆ ಪದರದಾಗ ಬರಿಯಾಕ ಹೇಳ್ರಿ, ಆ ಹುಡುಗಿಗೆ ಧಕ್ಕಿ ಆಗೂದಿಲ್ಲ.”

ಆ ಪದರದ ಕಥೆಯನ್ನು ಆವತ್ತು ಫ್ರಿಜ್ಜಿಗೆ ವಿವರವಾಗಿ ಹೇಳಿದರು. ಗಾಜಿನ ಮೇಲೆ ಗಾಜು ಇಟ್ಟ ಹಾಗಂತೆ. ಒಂದು ಗಾಜಿನಲ್ಲಿ ಬರೀ ಗೆರೆ. ಅದರ ಕೆಳಗೆ ಒಂದರಲ್ಲಿ ಮೈಬಣ್ಣ, ಒಂದರಲ್ಲಿ ಕೂದಲು, ಒಂದರಲ್ಲಿ ಬಟ್ಟೆ, ಎಲ್ಲವೂ ಸಪಾಟು. ಆಮೇಲೆ ನೆರಳಿಗೊಂದು, ಹೊಳಪಿಗೊಂದು. ಒಂದು ಕೆಟ್ಟರೆ ಅದೊಂದನ್ನೇ ತೆಗೆದೆಸೆಯುವುದು, ಉಳಿದದ್ದಕ್ಕೆ ಏನೂ ಆಗುವುದಿಲ್ಲ. ಸಂಸಾರಕ್ಕೂ ಇಂಥದೊಂದು ಏರ್ಪಾಡು ಇದ್ದಿದ್ದರೆ ಎಷ್ಟು ಮನೆ ಉಳಿಯುತ್ತಿದ್ದವೋ!

ಅದಾದ ಮೇಲೆ ನನಗೂ ರುಚಿ ಹತ್ತಿತು ಅನ್ನಿ. ಕಸ ಗುಡಿಸುವ ನೆಪದಲ್ಲಿ ಒಂದೇ ಜಾಗವನ್ನು ಅರ್ಧ ತಾಸು ಗುಡಿಸುತ್ತಿದ್ದೆ. ಕೂದಲು ಚೆನ್ನಾಗಿ ಬಂತು. ಕಣ್ಣಿನೊಳಗೆ ಬಿಳಿ ಚುಕ್ಕೆ ಇಟ್ಟ ಕೂಡಲೇ ಹುಡುಗಿ ಜೀವ ತಳೆದು ನನ್ನನ್ನೇ ನೋಡಿದಳು. ಆದರೆ ಮುಸುಕಿನ ಕೆಳಗೆ ಮುಖದ ಮೇಲೆ ನೆರಳು ಹಾಕಿದರು ನೋಡಿ, ಅಲ್ಲಿ ಕೆಟ್ಟಿತು. ಬಾಯಿ ಸುಮ್ಮನಿರಲಿಲ್ಲ.

“ಏ ಫ್ರಿಜ್ಜವ್ವಾ, ಆ ಹುಡುಗಿ ಹಣಿಗೆ ಹಂಚಿನ ಮಸಿ ಹತ್ತೇತಿ. ಮಾರಿ ತೊಳಕೋ ಅಂತ ಹೇಳು.”

ನಗುತ್ತಾರೆ ಎಂದುಕೊಂಡಿದ್ದೆ. ಪೆನ್ನು ಕೆಳಗಿಟ್ಟರು. ಊಟ ಮಾಡದೆ ಆಫೀಸಿಗೆ ಹೋದರು.

ಸಂಜೆ ಮಗಳು ನನ್ನನ್ನು ತರಾಟೆಗೆ ತೆಗೆದುಕೊಂಡಳು. ಮಾದಾಪುರದ ಒಂದು ದೊಡ್ಡ ಹಾಲ್‌ನಲ್ಲಿ ವರ್ಷಕ್ಕೊಮ್ಮೆ ಈ ಕಾರ್ಟೂನಿನ ಹುಚ್ಚರೆಲ್ಲ ಸೇರುತ್ತಾರಂತೆ. ಆರಿಸಿದ ಚಿತ್ರಗಳನ್ನು ಗೋಡೆಗೆ ಹಾಕುತ್ತಾರಂತೆ. ಇವರು ಎರಡು ವರ್ಷ ಕಳಿಸಿದರು, ಎರಡು ಸಲವೂ ಬೇಡವೆಂದರು. ಎರಡು ಸಲವೂ ಒಂದೇ ಮಾತು, ಮುಖದ ನೆರಳು ಕೊಳಕಾಗಿದೆ ಎಂದು. ಅಲ್ಲಿ ಚಿತ್ರ ಹಾಕುವವರೆಲ್ಲ ಕಾಲೇಜಿನ ಮಕ್ಕಳು. ಇವರಿಗೆ ನಲವತ್ತು ಹತ್ತಿರ, ನೆತ್ತಿಯಲ್ಲಿ ಆಗಲೇ ಬಯಲು.

“ಈ ಸಲಾನೂ ಬ್ಯಾಡಂದ್ರ ಪಾಟಿ, ಪೆನ್ನು ಎಲ್ಲಾ ಮಾರಿಬಿಡತೀನಿ ಅಂದಾರ. ಆ ಮನಷ್ಯಾ ಆಫೀಸಿನ್ಯಾಗ ದಿನಾ ಬೈಸಿಕೊಂಡು ಬರತಾರ ಬೇ. ನಗೂದು ಆ ಪಾಟಿ ಮುಂದ ಅಷ್ಟ. ಅದೂ ಹೋದ್ರ ಮನ್ಯಾಗ ಎರಡು ಫ್ರಿಜ್ ಆಗತಾವು, ನೋಡಕೋ!”

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಚಿತ್ರ ಕಳಿಸುವ ಕೊನೆಯ ದಿನ ಬಂತು. ಅಳಿಯಂದಿರು ಬೆಳಿಗ್ಗೆಯೇ ಮಗಳ ಕೆಂಪು ಸೀರೆ ತೆಗೆದು ನೀರಿನ ಕೊಡಕ್ಕೆ ಹೊದಿಸಿ ಕಿಟಕಿಯ ಬಳಿ ಇಟ್ಟರು. ನೆರಳು ಹೇಗೆ ಬೀಳುತ್ತದೆ ಎಂದು ನೋಡಬೇಕಂತೆ. ಕೊಡಕ್ಕೆ ಹಣೆ ಎಲ್ಲಿಂದ ಬರಬೇಕು? ಕುಕ್ಕರಿಗೆ ಹೊದಿಸಿದರು. ಕೊನೆಗೆ ತಾವೇ ಹೊದ್ದುಕೊಂಡು, ಕೈಯಲ್ಲಿ ಕನ್ನಡಿ ಹಿಡಿದು ಕಿಟಕಿಯ ಬೆಳಕಿನಲ್ಲಿ ನಿಂತರು. ಆ ಗಳಿಗೆಯಲ್ಲೇ ತೆರೆದ ಬಾಗಿಲಲ್ಲಿ ಗ್ಯಾಸಿನವನು!

“ಅಮ್ಮಾ, ಸಿಲಿಂಡರ್ ಎಕ್ಕಡ ಪೆಟ್ಟಾಲಿ?” ಎಲ್ಲಿ ಇಡಲಿ ಎಂದು ತೆಲುಗಿನಲ್ಲಿ ಕೇಳಿದ.

“ಅಕ್ಕಡೇ ಪೆಟ್ಟಂಡಿ,” ಎಂದರು ಅಳಿಯಂದಿರು, ಮೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು.

ಗ್ಯಾಸಿನವನು ಸಿಲಿಂಡರ್ ಇಟ್ಟ, ಮೀಸೆಯ ತುದಿ ನೋಡಿದ, ಬಕ್ಷೀಸು ಕೇಳದೆ ಇಳಿದುಹೋದ. ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ನಕ್ಕು ಮುಗಿಸಿ ಹೊರಗೆ ನೋಡಿದರೆ ಅವರು ಸೀರೆ ಮಡಿಚುತ್ತಿದ್ದರು. ಮಡಿಚಿ ಇಟ್ಟು, ಪಾಟಿಯ ವೈರು ಕಿತ್ತು ಸುತ್ತತೊಡಗಿದರು.

ವೈರು ಸುತ್ತುವ ಕೈ ನೋಡಿ ನನಗೆ ಸುಮ್ಮನಿರಲಾಗಲಿಲ್ಲ.

“ಏ ಫ್ರಿಜ್ಜವ್ವಾ, ಕಿಟಕಿ ಹತ್ರ ಯಾರರ ಸೆರಗ ಹೊತ್ಕೊಂಡು ಕುಂತ್ರ ಆಗತೈತೇನ ಕೇಳು.”

ಸುತ್ತುವುದು ನಿಂತಿತು.

“ಬ್ಯಾಡಂತ ಹೇಳ್ರಿ ಫ್ರಿಜ್ಜವ್ವಾರ. ಅವರಿಗೆ ತ್ರಾಸ ಆಗತೈತಿ.”

“ಆದ್ರ ಆಗವಲ್ದ್ಯಾಕ. ವೈರ್ ಬಿಚ್ಚಾಕ ಹೇಳು.”

ಕೆಂಪು ಸೀರೆಯನ್ನು ತಲೆಯ ಮೇಲೆ ಹಾಕಿಕೊಂಡು, ಮೂಗಿನವರೆಗೆ ಎಳೆದುಕೊಂಡು ಕಿಟಕಿಯ ಬಳಿ ಕೂತೆ. ಅವರು ಸ್ವಲ್ಪ ಹೊತ್ತು ನೋಡಿದರು. ಕೆಮ್ಮಿದರು.

“ಫ್ರಿಜ್ಜವ್ವಾರ… ನೆರಳ ಹಣಿ ಮ್ಯಾಲ ಬೀಳಬೇಕ್ರಿ. ಹಣಿ ಕಾಣವಲ್ದು.”

ನನ್ನ ಅವ್ವ ಬದುಕಿರುವವರೆಗೆ ನನ್ನ ಗಂಡನಿಗೆ ಮುಖ ತೋರಿಸಲಿಲ್ಲ. ಅವನು ಅವಳ ಮುಖ ನೋಡಿದ್ದು ಹೆಗಲು ಕೊಡಲು ಬಂದ ದಿನ. ‘ಅತ್ತಿ ನಿನ್ನಂಗ ಅದಾಳಲ್ಲ,’ ಎಂದಿದ್ದ. ಯಾಕೋ ಅದು ನೆನಪಾಯಿತು. ಸೆರಗನ್ನು ಹಣೆಯ ಮೇಲಕ್ಕೆ ಸರಿಸಿದೆ. ಕಣ್ಣು ಮಾತ್ರ ಕಿಟಕಿಯ ಹೊರಗೆ, ಮೆಟ್ರೊಗೆಂದು ಎಬ್ಬಿಸಿದ ಕಂಬದ ಮೇಲೆ. ಆಗಿನ್ನೂ ಕಂಬವೇ ಇತ್ತು, ಮೆಟ್ರೊ ಇರಲಿಲ್ಲ. ನೋಡಲು ಬೇರೆ ಏನಿತ್ತು?

“ಕೆಂಪ್ ಐತಿ!”

ಕೂಗಿದ್ದು ಅಳಿಯಂದಿರು. ಫ್ರಿಜ್ಜಿಗೂ ಅಲ್ಲ, ನನಗೂ ಅಲ್ಲ, ಮನೆಗೆಲ್ಲ ಕೇಳುವಂತೆ.

“ನೆರಳ ಕರೇದಲ್ಲ! ಸೀರಿ ಕೆಂಪ್ ಹಣಿ ಮ್ಯಾಲ ಇಳದೈತಿ! ನಾ ಸುಡಗಾಡ ಕರೇ ಬಣ್ಣ ಬಳ್ಯಾಕತ್ತೀನಿ, ಎರಡ ವರ್ಷ!”

ಆಮೇಲೆ ಅವರ ಕೈ ನೋಡಬೇಕಿತ್ತು. ಮಸಿಯ ಪದರ ಒಂದೇ ಏಟಿಗೆ ಮಾಯ. ಹೊಸ ಪದರ, ಅದಕ್ಕೆ ಗುಣಾಕಾರ ಎಂಬ ಒಂದು ತಂತ್ರ. ಹಾಗೆ ಮಾಡಿದರೆ ಮೇಲಿನ ಬಣ್ಣ ಕೆಳಗಿನದನ್ನು ಮುಚ್ಚದೆ ಅದರೊಳಗೆ ಇಳಿಯುತ್ತದಂತೆ, ತೆಳ್ಳನೆಯ ಕೆಂಪು ಬಟ್ಟೆ ಹಿಡಿದು ಅದರೊಳಗಿಂದ ಮೈ ನೋಡಿದ ಹಾಗೆ. ಹಣೆಯ ಮೇಲೆ ಕೆಂಗಂದು ನೆರಳು, ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ಚೂಪು. ಒರೆಸಿ ಮೆತ್ತಗೆ ಮಾಡಿದರೆ ಈ ಜಾತಿಯ ಚಿತ್ರ ಕೆಡುತ್ತದಂತೆ. ಮೂಗಿನ ಕೆಳಗೊಂದು ಚೂರು, ಕೊರಳಿಗೊಂದು ತುಂಡು. ನನ್ನ ಸೊಂಟ ಹಿಡಿಯಿತು. ಕೆಳಗೆ ಕ್ಯಾಬು ಹಾರನ್ ಹೊಡೆದು ಹೊಡೆದು ಹೊರಟೇ ಹೋಯಿತು. ಅವರಿಗೆ ಕೇಳಿಸಲಿಲ್ಲ. ನಾನೂ ಹೇಳಲಿಲ್ಲ.

ಒಂದು ತಿಂಗಳ ಮೇಲೆ ಭಾನುವಾರ ನಮ್ಮಿಬ್ಬರನ್ನೂ ಮಾದಾಪುರಕ್ಕೆ ಕರೆದುಕೊಂಡು ಹೋದರು. ಹಾಲ್‌ನ ಬಾಗಿಲಲ್ಲೇ ನಾನು ನಿಂತುಬಿಟ್ಟೆ. ನೀಲಿ ಕೂದಲಿನವರು, ಹಸಿರು ಕೂದಲಿನವರು, ಬೆನ್ನಿಗೆ ರಟ್ಟಿನ ಕತ್ತಿ ಕಟ್ಟಿಕೊಂಡವರು, ನೂರಾರು ಮಂದಿ! ಹಾಗಾದರೆ ಇವರು ನಿಜಕ್ಕೂ ಇದ್ದಾರೆ! ನಾನು ಇಳಕಲ್ ಸೀರೆ ಉಟ್ಟು, ಸೆರಗು ಮೂಗಿಗೆ ಎಳೆದುಕೊಂಡು ನಿಂತಿದ್ದೆ. ನೇರಳೆ ಕೂದಲಿನ ಹುಡುಗಿಯೊಬ್ಬಳು ಓಡಿಬಂದು, ನಾನು ಯಾವ ಪಾತ್ರದ ವೇಷ ಹಾಕಿದ್ದೇನೆ ಎಂದು ಕೇಳಿದಳು:

“ಆಂಟೀ, ಆಪ್ ಕೌನ್ ಸಾ ಕ್ಯಾರೆಕ್ಟರ್ ಹೋ?”

“ಸಾಸ್,” ಎಂದೆ. ಅತ್ತೆ!

“ವಾವ್! ಕೌನ್ ಸೀ ಸೀರೀಸ್ ಕಾ?”

“ಬಹುತ್ ಪುರಾನೀ,” ಎಂದಳು ನನ್ನ ಮಗಳು. ಹುಡುಗಿ ನನ್ನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಹೋದಳು.

ಗೋಡೆಯ ಮೇಲೆ ಇದ್ದಳು ನಮ್ಮ ಹುಡುಗಿ. ಮುಂದೆ ನಾಲ್ಕೈದು ಮಕ್ಕಳು ನಿಂತು ಅವಳ ಹಣೆಯ ಕಡೆಗೇ ಬೆರಳು ತೋರಿಸಿ ಮಾತಾಡುತ್ತಿದ್ದರು. ಅಳಿಯಂದಿರು ದೂರದ ಕಂಬದ ಹಿಂದೆ, ಕಳ್ಳನ ಹಾಗೆ. ನಾನು ಹತ್ತಿರ ಹೋದೆ. ಮುಖ ಅವಳದೇ, ಪೂರಿಯಂಥ ಕಣ್ಣೂ ಅವಳದೇ. ಹಣೆಯ ಮೇಲಿನ ನೆರಳು ಮಾತ್ರ ನನ್ನದು. ನನ್ನ ನೆರಳು ನನಗೆ ಗುರುತು ಸಿಗುವುದಿಲ್ಲವೇ?

ಚಿತ್ರದ ಕೆಳಗೆ ಒಂದು ಚೀಟಿ. ಮೇಲೆ ಇಂಗ್ಲಿಷಿನಲ್ಲಿ ಏನೋ, ಅವರ ಹೆಸರಿರಬೇಕು. ಅದರ ಕೆಳಗೆ ದಪ್ಪ ದುಂಡು ಕನ್ನಡ ಅಕ್ಷರ. ಒಂದೊಂದನ್ನೇ ಕೂಡಿಸಿ ಓದಿದೆ. ಹಿಂದೆ ನಿಂತವರು ಕಾಯಬೇಕಾಯಿತು, ಕಾಯಲಿ.

‘ನೆರಳು: ನಮ್ಮ ಅತ್ತೆಯವರದು.’

ತೆಲುಗು, ಹಿಂದಿ, ಇಂಗ್ಲಿಷ್ ಗಿಜಿಗುಟ್ಟುವ ಆ ಹಾಲ್‌ನಲ್ಲಿ ಕನ್ನಡ ಓದುವವರು ಎಷ್ಟು ಜನ ಇದ್ದಾರು? ಬರೆದವರು ಒಬ್ಬರು. ನನ್ನ ಮಗಳು ಒಬ್ಬಳು. ಹಾಗಾದರೆ ಅಷ್ಟು ದಪ್ಪಗೆ ಬರೆದದ್ದು ಯಾರಿಗೆ?

ಕಣ್ಣೀರು ಸುರಿಸುವ ಹೆಂಗಸು ನಾನಲ್ಲ. ಇಲ್ಲಿ ಕುಡಿಯಲು ನೀರು ಎಲ್ಲಿ ಸಿಗುತ್ತದೆ ಎಂದು ಮಗಳನ್ನು ಕೇಳಿದೆ. ವಾಪಸು ಬರುವಾಗ ದಾರಿಯಲ್ಲಿ ಅಳಿಯಂದಿರಿಗೆ ಏನಾದರೂ ಹೇಳಬೇಕೆನಿಸಿತು. ಕ್ಯಾಬಿನಲ್ಲಿ ಫ್ರಿಜ್ ಎಲ್ಲಿಂದ ಬರಬೇಕು?

ಮರುದಿನ ಬೆಳಿಗ್ಗೆ ಚಹಾ ಮಾಡಿದೆ. ಮಗಳು ಹೋಗಿಯಾಗಿತ್ತು, ಅಳಿಯಂದಿರು ಪಾಟಿಯ ಮುಂದೆ ಕೂತಿದ್ದರು, ಯಾವಳೋ ಗುಲಾಬಿ ಕೂದಲಿನವಳು ಶುರುವಾಗಿದ್ದಳು. ಬಟ್ಟಲನ್ನು ಫ್ರಿಜ್ಜಿನ ಮೇಲೆ ಇಡಲಿಲ್ಲ. ಹೋಗಿ ಅವರ ಕೈಗೇ ಕೊಟ್ಟೆ.

“ಸಕ್ಕರಿ ಸಾಕಾಗೇತೇನ್ರಿ?” ಎಂದೆ.

ಅವರು ಒಂದು ಗುಟುಕು ಕುಡಿದು, ರೂಢಿಯ ಪ್ರಕಾರ ಫ್ರಿಜ್ಜಿನ ಕಡೆ ತಿರುಗಿ ಬಾಯಿ ತೆರೆದರು. ನಾನು ಹೋಗಿ ಅದಕ್ಕೆ ಅಡ್ಡ ನಿಂತೆ.