ಅಡಿಗೆ ಮನೆಗೊಂದು ಕಿಟಕಿ

ಹಳೆಯ ಮನೆಯ ಒಂದು ಗೋಡೆ ಒಡೆಸುತ್ತೇನೆ ಎಂದು ಬಾಯಿ ಬಿಟ್ಟರೆ ಸಾಕು, ನಮ್ಮ ಕಡೆ ಸಲಹೆ ಕೊಡುವವರು ಚಪ್ಪಲಿ ಬಿಟ್ಟು ನೇರ ಒಳಗೇ ಬಂದುಬಿಡುತ್ತಾರೆ. ತಡೆಯಲು ಆಗುವುದಿಲ್ಲ.

ನಾನು ಬೀಜದ ಕಂಪನಿಯೊಂದರಲ್ಲಿ ಗುಣಮಟ್ಟ ನೋಡುವವನು. ಸರಿಯಾಗಿ ಮೊಳಕೆ ಬಾರದ ಚೀಲಕ್ಕೆ ಮಾಲೀಕರೇ ಹೇಳಿದರೂ ಸಹಿ ಹಾಕಿದವನಲ್ಲ. ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ. ಅಲ್ಲಿ ಕಲಿಸಿದ್ದು ಇಷ್ಟು: ಕೇಳಿದ ಪ್ರಶ್ನೆಗೆ ಉತ್ತರ ಬರೆ, ಕೇಳದ್ದನ್ನು ಬರೆಯಬೇಡ. ಸಲಹೆಗಾರರಿಗೆ ಇದನ್ನು ಯಾವ ಶಾಲೆಯಲ್ಲೂ ಕಲಿಸಿದಂತಿಲ್ಲ.

ನನ್ನ ಪ್ರಶ್ನೆ ಒಂದೇ ಇತ್ತು. ರಾಣೆಬೆನ್ನೂರಿನ ನಮ್ಮ ಮನೆ ಅಜ್ಜ ಕಟ್ಟಿಸಿದ್ದು. ಎರಡೂ ಮಗ್ಗುಲಿಗೆ ನೆರೆಯವರ ಗೋಡೆ. ಅಡಿಗೆ ಮನೆ ಎಲ್ಲಕ್ಕಿಂತ ಹಿಂದೆ, ಹಾಡುಹಗಲೇ ಕತ್ತಲು. ಮಾಳಿಗೆಯಲ್ಲಿ ಗಾಜು ಹಾಕಿದ ಒಂದು ಬೆಳಕಿಂಡಿ, ಅದರಿಂದ ಬಿದ್ದಷ್ಟೇ ಬೆಳಕು. ನನ್ನ ಹೆಂಡತಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ರೊಟ್ಟಿ ತಿರುವಲು ಹೋಗಿ ಒಲೆಯ ಮೇಲಿನ ಹಂಚಿಗೆ ಕೈ ಸುಟ್ಟುಕೊಳ್ಳುತ್ತಿದ್ದಳು. ಹಿತ್ತಲ ಗೋಡೆಗೆ ಒಂದು ಕಿಟಕಿ ಬೇಕು ಎಂದಳು. ಅಷ್ಟೇ.

ನಾಯಿ ಹಿಡಿದಾಕೆ

ಕೆಲಸ ತಿಳಿದವರನ್ನೇ ಕೇಳಬೇಕೆಂದು ಹಾವೇರಿಯಿಂದ ಎಂಜಿನಿಯರನ್ನು ಕರೆಸಿದೆ. ಆತ ಅಡಿಗೆ ಮನೆಯೊಳಗೆ ತಲೆ ಹಾಕಿದ, "ಭಾಳ ಕತ್ತಲ ಐತಲ್ರೀ" ಅಂದ, ತಲೆ ಹೊರಗೆ ತೆಗೆದ. ಮುಂದಿನ ವಾರ ಕಂಪ್ಯೂಟರಿನಲ್ಲಿ ತೆಗೆದ ಬಣ್ಣದ ಚಿತ್ರ ತಂದ. ಅದರಲ್ಲಿ ನಮ್ಮ ಪಡಸಾಲೆ 'ಹಾಲ್' ಆಗಿತ್ತು. ಅದಕ್ಕೆ ಬೀದಿಯ ಕಡೆ ಗೋಡೆಯಷ್ಟು ಅಗಲದ ಕಿಟಕಿ. ಬಾಗಿಲ ಮುಂದೆ ನನ್ನದಲ್ಲದ ಕಾರು. ಕಾರಿನ ಪಕ್ಕ ಗಿಡ್ಡ ಲಂಗ ತೊಟ್ಟ, ಕೆಂಚು ಕೂದಲಿನ ಹೆಂಗಸೊಬ್ಬಳು ನಾಯಿ ಹಿಡಿದುಕೊಂಡು ನಮ್ಮ ಮನೆಗೇ ಬರುತ್ತಿದ್ದಳು.

"ಅಡಿಗೆ ಮನೆ ಕಿಟಕಿ ಎಲ್ಲಿ?" ಎಂದೆ.

"ಅಡಿಗಿ ಮನಿ ಯಾರ್ ನೋಡ್ತಾರ್ರೀ ಸರ್? ಬಂದ ಮಂದಿ ನೋಡೋದು ಹಾಲ್. ಮೊದ್ಲ ಅದನ್ನ ಮುಗಸೂಣು, ಕಿಟಕಿ ಆಮ್ಯಾಲ ಒಂದಿನದ ಕೆಲಸ."

ಹಾಲ್ ಆಯಿತು. ಆ ಒಂದು ದಿನ ಮಾತ್ರ ಬರಲಿಲ್ಲ.

ಚಿತ್ರ ಬಂದ ದಿನವೇ ಹೆಂಡತಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದಳು. "ಅಲ್ರೀ, ಈ ನಾಯಿ ಹಿಡ್ಕೊಂಡಾಕಿ ಯಾರು? ಇಕಿಗೂ ನಾನ ರೊಟ್ಟಿ ಬಡೀಬೇಕೇನು?"

ನಿಲ್ಲದ ದಿಕ್ಕು

ಕಿಟಕಿಗೆ ಗೋಡೆ ಒಡೆಯಲು ಗೌಂಡಿಯನ್ನು ನಾನೇ ಕರೆಯುವ ಹೊತ್ತಿಗೆ ನನ್ನ ತಾಯಿ ಅಡ್ಡ ಬಂದಳು. ವಾಸ್ತು ಕೇಳದೆ ಗೋಡೆ ಮುಟ್ಟಬಾರದಂತೆ. ಮೇಡ್ಲೇರಿ ಕಡೆಯಿಂದ ವಾಸ್ತು ಹೇಳುವವರೊಬ್ಬರು ಬಂದರು. ಅಡಿಗೆ ಮನೆಯಲ್ಲಿ ಜೋಳದ ದೊಡ್ಡ ತಗಡಿನ ಡಬ್ಬಿಗೆ ಆತುಕೊಂಡು ನಿಂತು ದಿಕ್ಸೂಚಿ ತೆಗೆದರು.

"ಇದು ದಕ್ಷಿಣ. ಯಮನ ದಿಕ್ಕು. ಇಲ್ಲಿ ಕಿಟಕಿ ಅಂದ್ರ ಅವನ್ನ ಕರದು ಊಟಕ್ಕ ಮಣಿ ಹಾಕಿ ಕುಂದ್ರಿಸಿದಂಗ."

ಸಂಜೆ ಸೂರ್ಯ ನಮ್ಮ ಹಿತ್ತಲಿನ ಹಿಂದೆ ಮುಳುಗುವುದು ಓಣಿಯ ಆಕಳಿಗೂ ಗೊತ್ತು. "ಸ್ವಾಮಿ, ಆ ಡಬ್ಬಿ ಬಿಟ್ಟು ಸ್ವಲ್ಪ ಈ ಕಡೆ ಬನ್ನಿ" ಎಂದೆ. ಬಂದರು. ತಗಡಿನ ಸೆಳೆತ ತಪ್ಪಿ ಮುಳ್ಳು ತಿರುಗಿ, ಅದೇ ಗೋಡೆ ಪಶ್ಚಿಮಕ್ಕೆ ಬಂತು. ತಪ್ಪು ಒಪ್ಪಿಕೊಳ್ಳುತ್ತಾರೆಂದು ಕಾದೆ.

ಅವರು ನನ್ನ ತಾಯಿಯ ಕಡೆ ತಿರುಗಿ ತಲೆ ಅಲ್ಲಾಡಿಸಿದರು. "ಎಂಥಾ ದೋಷ ಐತಿ ನೋಡ್ರಿ ಅಮ್ಮಾರ, ಈ ಮನ್ಯಾಗ ದಿಕ್ಕು ಸುದ್ದಾ ನಿಂತಲ್ಲೆ ನಿಂದ್ರವಲ್ಲದು!"

ಮರುದಿನ ಗೌಂಡಿ ಬಂದಾಗ ತಾಯಿ ಆ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದಳು. "ನಾ ಸತ್ತ ಮ್ಯಾಲ ಒಡೀರಿ" ಅಂದಳು. ಗೌಂಡಿ ಚಹಾ ಕುಡಿದು ಹೋದ.

ಕಮಲದ ಬೆಳಕು

ಹೆಂಡತಿಯ ಅಣ್ಣ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಅವರ ಮನೆಯಲ್ಲಿ ಆಗಷ್ಟೇ ಪಿಒಪಿಯ ಅಲಂಕಾರದ ಛತ್ತು ಹಾಕಿಸಿದ್ದರು. ಅಂದಿನಿಂದ ಅವರು ಯಾರ ಮನೆಗೆ ಹೋದರೂ ಮೇಲೆ ನೋಡುತ್ತಲೇ ಮಾತಾಡುತ್ತಿದ್ದರು. ತಂಗಿಯ ಕೈಮೇಲಿನ ಸುಟ್ಟ ಗಾಯ ಕಂಡು ಅವರಿಗೆ ಖರೇನೇ ಸಂಕಟವಾಯಿತು. "ಬೆಳಕಿನ ಜವಾಬ್ದಾರಿ ನಂದು ತಂಗೀ" ಎಂದರು.

ಬೀಜದ ಹೊಲಗಳ ತಪಾಸಣೆಗೆ ಹೋಗಿದ್ದ ನಾನು ಸಂಜೆ ಬಂದೆ. ಅಡಿಗೆ ಮನೆಯ ಛತ್ತಿನಲ್ಲಿ ಪಿಒಪಿಯ ಬಿಳಿಯ ದೊಡ್ಡ ಕಮಲ ಅರಳಿತ್ತು. ಎಸಳಿಗೊಂದು ಬಲ್ಬು. ಬೆಳಕಿಂಡಿ ಇರಲಿಲ್ಲ. ಕಮಲ ಕೂತದ್ದು ಅದರ ಮೇಲೆಯೇ.

"ಇದ್ದೊಂದು ಬೆಳಕಿಂಡಿ ಮುಚ್ಚಿಸಿದಿರಲ್ಲ?"

"ಅದು ಹಳೇ ಕಾಲದ್ದು ಸಾಹೇಬ್ರ. ಈಗ ನೋಡ್ರಿ" ಎಂದು ಸ್ವಿಚ್ ಒತ್ತಿದರು. ಏನೂ ಆಗಲಿಲ್ಲ. ದಿನಾ ಅದೇ ಹೊತ್ತಿಗೆ ಕರೆಂಟ್ ತೆಗೆಯುತ್ತಿದ್ದರು. ಒಬ್ಬರ ಮುಖ ಒಬ್ಬರಿಗೆ ಕಾಣದ ಆ ಕತ್ತಲಿನಿಂದ ಅವರ ಧ್ವನಿ ಮಾತ್ರ ಉಬ್ಬಿಕೊಂಡು ಬಂತು: "ಕರೆಂಟ್ ಬರ್ಲಿ, ಕಣ್ಣು ಕುಕ್ಕತಾವು!"

ಅದೇ ಕತ್ತಲಲ್ಲಿ ಹಂಚು ಇಳಿಸಲು ಹೋಗಿ ಹೆಂಡತಿ ಇನ್ನೊಂದು ಕೈಯನ್ನೂ ಸುಟ್ಟುಕೊಂಡಳು. "ಸಾಕು" ಎಂದಳು.

ಬಂದ ಮಂದಿ ನೋಡಿದ ಹಾಲ್

ಕೈಯ ಗಾಯ ಮಾದ ಮೇಲೆ ಒಂದು ಭಾನುವಾರ ಆ ಅಣ್ಣನೇ, ನನ್ನನ್ನು ಕೇಳದೆ, ಎಂಜಿನಿಯರನ್ನೂ ವಾಸ್ತುವಿನವರನ್ನೂ ಊಟಕ್ಕೆ ಕರೆದರು. ಮನೆ ಎಷ್ಟು ಚಂದವಾಯಿತೆಂದು ಎಲ್ಲರೂ ಕೂಡಿ ನೋಡಬೇಕಂತೆ. ಎಂಜಿನಿಯರ್ ತನ್ನ ಹೊಸ ಗಿರಾಕಿಯೊಬ್ಬನನ್ನೂ ಕರೆತಂದ.

ಬಾಗಿಲಲ್ಲೇ ಎಲ್ಲರೂ ನಿಂತುಬಿಟ್ಟರು. ಸೋಫಾ ಗೋಡೆಗೆ ಸರಿದಿತ್ತು. ಅಗಲ ಕಿಟಕಿಯ ಕೆಳಗೆ, ತುಂಬಿದ ಬಿಸಿಲಿನಲ್ಲಿ, ಸಿಲಿಂಡರು, ಒಲೆ, ಹಂಚು. ಶೋಕೇಸಿನಲ್ಲಿ ಒಗ್ಗರಣೆ ಡಬ್ಬಿ. ಸೋಫಾದ ಮೇಲೆ ನನ್ನ ತಾಯಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ಹೆಂಡತಿ ಪಟಪಟ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕೈ ನೆಟ್ಟಗಿದ್ದವು.

"ತಂಗೀ, ಏನಿದು? ಮಂದಿ ಏನಂದಾರು!" ಎಂದರು ಅಣ್ಣ.

ಅವಳು ಎಂಜಿನಿಯರನ ಕಡೆ ನೋಡಿದಳು. "ಅಡಿಗಿ ಮನಿ ಯಾರ್ ನೋಡ್ತಾರ ಅಂದಿದ್ರಲ್ಲರೀ? ಈಗ ನೋಡ್ರಿ. ಬರ್ರಿ, ಕುಂದ್ರಿ."

ಆತನಿಗೆ ನಾಚಿಕೆಯಾದೀತೆಂದು ಕಾದೆ. ಆತ ಕಣ್ಣು ಸಹ ಮಿಟುಕಿಸದೆ ಗಿರಾಕಿಗೆ ಹೇಳಿದ: "ಇದಕ್ಕ ಓಪನ್ ಕಿಚನ್ ಅಂತಾರ್ರೀ. ಬೆಂಗಳೂರಾಗ ಈಗ ಇದ ನಡದೈತಿ. ಈ ಕಡೆ ನಾನ ಮೊದ್ಲ ಮಾಡೇನಿ." ಕ್ಯಾಮೆರಾ ತೆಗೆದು ಫೋಟೋ ಹೊಡೆದ.

ವಾಸ್ತುವಿನವರು ಸಿಲಿಂಡರಿನ ಮಗ್ಗುಲಲ್ಲಿ ನಿಂತು ದಿಕ್ಸೂಚಿ ನೋಡಿದರು. "ಆಗ್ನೇಯ! ಅಗ್ನಿದೇವನ ಮೂಲಿ, ಒಲಿಗೆ ಬರೋಬ್ಬರಿ ಐತಿ." ಸ್ವಲ್ಪ ಈ ಕಡೆ ಬನ್ನಿ ಎಂದೆ. ದಿಕ್ಸೂಚಿ ಚೀಲ ಸೇರಿತು. ಅಣ್ಣ ಆಗಲೇ ಮೇಲೆ ನೋಡತೊಡಗಿದ್ದರು, "ಇಲ್ಲೊಂದು ಕಮಲ..." ಎನ್ನುವಷ್ಟರಲ್ಲಿ ತಂಗಿ ರೊಟ್ಟಿಯ ಕೈ ಎತ್ತಿದಳು. ಅಣ್ಣ ಕತ್ತು ಇಳಿಸಿ ಕುಳಿತರು.

ತಿಂಗಳಾದ ಮೇಲೆ ಆ ಗಿರಾಕಿ ಎಂಜಿನಿಯರ್ ಕೊಟ್ಟ ತನ್ನ ಮನೆಯ ಚಿತ್ರ ತೋರಿಸಲು ಬಂದ. ಕಂಪ್ಯೂಟರಿನಲ್ಲಿ ತೆಗೆದ ನಮ್ಮದೇ ಹಾಲ್: ಅದೇ ಕಿಟಕಿ, ಅದೇ ಒಲೆ. ಒಲೆಯ ಮುಂದೆ ಗಿಡ್ಡ ಲಂಗದ ಆ ಕೆಂಚು ಕೂದಲಿನ ಹೆಂಗಸು.

ಹೆಂಡತಿ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಈ ಸಲ ಬಹಳ ಹೊತ್ತು ಬೇಕಾಗಲಿಲ್ಲ.

"ಕಡೀಕ ಆಕೀನ್ನೂ ರೊಟ್ಟಿ ಬಡ್ಯಾಕ ಹಚ್ಚಿದ್ರ ನೋಡ್ರಿ! ಪಾಪ, ನಾಯಿ ಎಲ್ಲಿ ಬಿಟ್ಟಾಳೋ?"