ದೊಡ್ಡಬೀರಪ್ಪನ ನೋವು ತಪ್ಪಿಸಿಕೊಂಡಿದ್ದು

ಭಾಗ್ಯಮ್ಮ: ಬಂತಾ?

ದೊಡ್ಡಬೀರಪ್ಪ: ಇಲ್ಲ.

ಭಾಗ್ಯಮ್ಮ: ಸರಿಯಾಗಿ ನೋಡ್ಕೊಳ್ರಿ. ಸೊಂಟದ ಎಡಗಡೆ ಇರುತ್ತೆ.

ದೊಡ್ಡಬೀರಪ್ಪ: ನನ್ನ ಸೊಂಟ ನನಗೆ ಗೊತ್ತಿಲ್ವೇನೇ? ಬೆಳಿಗ್ಗೆಯಿಂದ ಇಲ್ಲ.

ಭಾಗ್ಯಮ್ಮ: ಮೂರು ವರ್ಷದಿಂದ ಮನೆ ಬಿಟ್ಟು ಕದಲದ ನೋವು ಇವತ್ತೇ ಎಲ್ಲಿಗೋಯ್ತು?

ದೊಡ್ಡಬಳ್ಳಾಪುರದ ಒಂದು ನರ್ಸಿಂಗ್ ಹೋಮಿನ ಬೆಂಚು. ನೋವಿಗೆಂದೇ ಓದಿದ ಡಾಕ್ಟರು ಬೆಂಗಳೂರಿನಿಂದ ತಿಂಗಳಿಗೊಂದು ಸಲ ಇಲ್ಲಿಗೆ ದಯಮಾಡಿಸುತ್ತಾರೆ. ಹೋದ ತಿಂಗಳು ಚೀಟಿ ಸಿಗದೆ ರಾಜಘಟ್ಟಕ್ಕೆ ಹಿಂತಿರುಗಿದ್ದ ಗಂಡಹೆಂಡಿರಿಗೆ ಈ ಸಲ ಚೀಟಿ ಸಿಕ್ಕಿದೆ, ನೋವು ಸಿಕ್ಕುತ್ತಿಲ್ಲ. ಅದೇನು ಸಾಮಾನ್ಯ ನೋವೇ? ಯಜಮಾನರು ರಾತ್ರಿ ಮಗ್ಗುಲು ಬದಲಿಸಿದರೆ ಬೀದಿನಾಯಿಗಳು ಎದ್ದು ಕೂರುತ್ತಿದ್ದವು.

ದೊಡ್ಡಬೀರಪ್ಪ: ಬೋರ್‌ವೆಲ್ ಮೋಟರ್ ಇದ್ದಂಗೆ ಕಣೇ. ಮೆಕ್ಯಾನಿಕ್ಕು ಬಂದು ನಿಂತ್ರೆ ನೀರು ಧೋ ಅಂತ ಬರುತ್ತೆ. ಅವನು ಗಾಡಿ ಹತ್ತಿದ ತಕ್ಷಣ ನಿಂತೋಗುತ್ತೆ.

ಭಾಗ್ಯಮ್ಮ: ಒಳಗೋಗಿ ಹಿಂಗಂದ್ರೆ ಮದ್ದು ಯಾರಿಗೆ ಕೊಡ್ತಾರೆ, ಮೋಟರ್‌ಗಾ? ರಾತ್ರಿ ಮತ್ತೆ ಅಯ್ಯಪ್ಪೋ ಅಂತೀರ. ಇನ್ನೊಂದು ತಿಂಗಳು ನಿದ್ದೆಗೆಡೋಕೆ ನನ್ನ ಕೈಲಾಗಲ್ಲ. ಬಗ್ಗಿ.

ದೊಡ್ಡಬೀರಪ್ಪ: ಇಲ್ಲೇನಾ?

ಭಾಗ್ಯಮ್ಮ: ಚಪ್ಪಲಿ ಹುಡುಕೋರಂಗೆ ಬಗ್ಗಿ.

ಬಗ್ಗಿದರು. ಗರಡಿಮನೆಯಿಂದ ಬಂದ ಪೈಲ್ವಾನನಂತೆ ಎದ್ದರು.

ದೊಡ್ಡಬೀರಪ್ಪ: ಊಹೂಂ. ಹಾಯಾಗೈತೆ.

ಭಾಗ್ಯಮ್ಮ: ನಮ್ಮಮ್ಮ ಬಂದು ಯುಗಾದಿವರೆಗೂ ಇರ್ತಾಳಂತೆ. ಈಗ?

ದೊಡ್ಡಬೀರಪ್ಪ: ಈಗ ತಲೆ ನೋಯ್ತಾ ಐತೆ. ಸೊಂಟ ಇಲ್ಲ.

ಅಷ್ಟರಲ್ಲಿ ಹೆಸರು ಕೂಗಿದರು. ಒಳಗೆ ಡಾಕ್ಟರ್ ಹರ್ಷಿತ ನಗುತ್ತಾ ಕುರ್ಚಿ ತೋರಿಸಿದರು.

ಡಾಕ್ಟರ್: ಹೇಳಿ ಯಜಮಾನ್ರೇ, ಹೇಗಿದ್ದೀರಾ?

ದೊಡ್ಡಬೀರಪ್ಪ ಎರಡೂ ಕೈ ಜೋಡಿಸಿದರು.

ದೊಡ್ಡಬೀರಪ್ಪ: ತಮ್ಮ ದಯೆ, ಚೆನ್ನಾಗಿದ್ದೀನಿ ತಾಯಿ.

ಭಾಗ್ಯಮ್ಮ: ಅದು ಮರ್ಯಾದೆಗೆ ಹೇಳಿದ್ದು ಡಾಕ್ಟ್ರೇ. ಚೆನ್ನಾಗಿಲ್ಲ. ಇವತ್ತೊಂದಿನ ನೋವು ರಜಾ ಹಾಕೈತೆ.

ಡಾಕ್ಟರ್: ಹಾಗಂತ ನೋವು ಸುಳ್ಳಾಗಲ್ಲಮ್ಮ. ಬರೋದು ಹೋಗೋದು ಇದ್ದದ್ದೇ. ಯಾವಾಗ ಹೋಗುತ್ತೆ ಅನ್ನೋದೇ ನನಗೆ ಬೇಕಾಗಿರೋದು. ಈ ವಾರ ಏನಾದ್ರೂ ಬೇರೆ ಥರ ಮಾಡಿದ್ರಾ?

ದೊಡ್ಡಬೀರಪ್ಪ ಫ್ಯಾನು ನೋಡಿದರು.

ಭಾಗ್ಯಮ್ಮ: ಇವ್ರಾ? ನಾನು ನೆಲಮಂಗಲಕ್ಕೆ ತಂಗಿ ಮನೆಗೆ ಹೋಗಿದ್ದೆ. ಇವರು ಕುರ್ಚಿಯಿಂದ ಎದ್ದಿಲ್ಲ. ಕೊಟ್ಟಿಗೆ, ಹಾಲು, ಡೈರಿ ಎಲ್ಲಾ ಪಕ್ಕದ ಮನೆ ಪಿಳ್ಳಣ್ಣ ನೋಡ್ಕೊಂಡ, ಪಾಪ.

ಡಾಕ್ಟರ್: ಹೌದಾ ಯಜಮಾನ್ರೇ?

ದೊಡ್ಡಬೀರಪ್ಪ: ಪಿಳ್ಳಣ್ಣ ಮೊದಲನೇ ದಿನವೇ ಕೈಕೊಟ್ಟ ತಾಯಿ. ಹಸುಗಳು ಕೂಗ್ತಿದ್ವು. ಅದಕ್ಕೇ ನಾನೇ ಒಂಚೂರು...

ಭಾಗ್ಯಮ್ಮ: ಒಂಚೂರು ಏನು?

ದೊಡ್ಡಬೀರಪ್ಪ: ಸಗಣಿ ಬಾಚಿದೆ. ಹಾಲು ಕರೆದೆ. ಡೈರಿಗೆ ನಡ್ಕೊಂಡೋದೆ. ಸಾಯಂಕಾಲಾನೂ.

ಭಾಗ್ಯಮ್ಮ ಕುರ್ಚಿಯನ್ನೇ ಗಂಡನ ಕಡೆ ತಿರುಗಿಸಿಕೊಂಡರು.

ಭಾಗ್ಯಮ್ಮ: ಪೊರಕೆ ಮುಟ್ಟಿದ್ರೆ ಸೊಂಟ ಮುರಿಯುತ್ತೆ ಅಂತಿದ್ರಲ್ಲ?

ದೊಡ್ಡಬೀರಪ್ಪ: ನಾನೂ ಹಂಗೇ ಅನ್ಕೊಂಡಿದ್ದೆ ಕಣೇ. ಮುರೀಲಿಲ್ಲ. ಹೇಳಿದ್ರೆ ಪಾಳಿ ನನಗೇ ಬೀಳುತ್ತೆ ಅಂತ ಸುಮ್ನಿದ್ದೆ.

ಡಾಕ್ಟರು ಅವರನ್ನು ಮಲಗಿಸಿ, ಕಾಲೆತ್ತಿಸಿ, ಬೆನ್ನು ಒತ್ತಿ ನೋಡಿದರು.

ಡಾಕ್ಟರ್: ಆಪರೇಷನ್ ಏನೂ ಬೇಡ. ನೋವಿಗೆ ಹೆದರಿ ಕೂತೂ ಕೂತೂ ಸೊಂಟ ಬಿಗಿದಿದೆ. ಮಾತ್ರೆ ಕೊಡ್ತೀನಿ, ವ್ಯಾಯಾಮ ಹೇಳಿಕೊಡ್ತಾರೆ. ಭಾರ ಎತ್ಬೇಡಿ. ಆದ್ರೆ ದಿನಾ ಡೈರಿಗೆ ನಡೀರಿ. ಉದ್ದ ಹಿಡಿ ಪೊರಕೆ ತಗೊಂಡು ಕೊಟ್ಟಿಗೆ ಗುಡಿಸಿ. ನಿಮ್ಮ ಔಷಧಿ ಅಲ್ಲೇ ಇದೆ.

ಭಾಗ್ಯಮ್ಮ: ಅದನ್ನ ಚೀಟೀಲಿ ಮೇಲುಗಡೆ ಬರೀರಿ ಡಾಕ್ಟ್ರೇ, ಕನ್ನಡದಲ್ಲಿ. ಊಟಕ್ಕೆ ಮುಂಚೆ ಅಂತಾನೂ ಹಾಕಿ.

ದೊಡ್ಡಬೀರಪ್ಪ ಸೊಂಟದ ಎಡಗಡೆ ಹಿಡಿದುಕೊಂಡರು.

ದೊಡ್ಡಬೀರಪ್ಪ: ಬಂತು ತಾಯಿ. ಈಗ ಬಂತು ನೋಡಿ.

ಭಾಗ್ಯಮ್ಮ ಗಂಡನ ರಟ್ಟೆಗೆ ಕೈ ಕೊಟ್ಟು ಎಬ್ಬಿಸಿದರು.

ಭಾಗ್ಯಮ್ಮ: ಬರ್ಲಿ ಬಿಡಿ. ಅದಕ್ಕೂ ಒಂದು ಪೊರಕೆ ಇಟ್ಟಿದ್ದೀನಿ.